ತಿರುಪು ಇದೆ, ತೂಕ ಇಲ್ಲ

ಆರ್ಕಿಟೆಕ್ಟುಗಳು ರೆವಿಟ್‌ನಲ್ಲಿ ಎಳೆದು ಕೂರಿಸೋ ರೆಡಿಮೇಡ್ ಕುರ್ಚಿ, ಮೇಜುಗಳಿಗೆ 'ಫ್ಯಾಮಿಲಿ' ಅಂತ ಹೆಸರು. ತಯಾರಕರು ಕೊಡೋ ಎಷ್ಟೋ ಫ್ಯಾಮಿಲಿಗಳಲ್ಲಿ ತಿರುಪನ್ನೂ ಬಿಡದೆ ಕೆತ್ತಿರ್ತಾರೆ. ಅಂಥವು ಇನ್ನೂರು ಸೇರಿದ್ರೆ ಫೈಲು ಏದುಸಿರು ಬಿಡುತ್ತೆ. ತೂಕ ಎಷ್ಟು, ಮರ ಯಾವುದು, ಹಿಂದೆ ಎಷ್ಟು ಜಾಗ ಬಿಡಬೇಕು? ಆ ಕಾಲಂ ಖಾಲಿ. ಇದನ್ನ ಮಾಡೆಲ್ ಅನ್ನೋಕಾಗಲ್ಲ, ತಿರುಗಿಸಿ ನೋಡಬಹುದಾದ ಬ್ರೋಷರ್ ಅಷ್ಟೆ. ಎಲ್‌ಓಡಿ 500 ಅಂದ್ರೂ ವಿವರ ಜಾಸ್ತಿ ಅಂತಲ್ಲ, ಸೈಟಿನಲ್ಲಿ ಅಳೆದು ಖಚಿತಪಡಿಸಿದ್ದು ಅಂತ.

ನಮ್ಮ ಮಧುಗಿರಿ ಕಡೆ ಆಚಾರ್ರು ಮಂಚಕ್ಕೆ ಮರ ಕೊಯ್ಯೋ ಮುಂಚೆ ಬಾಗಿಲ ಅಗಲ ಕೇಳ್ತಾರೆ. 2022ರಲ್ಲಿ ನಾಗಸಂದ್ರಕ್ಕೆ ಬಂದ ಐಕಿಯಾ ಕೂಡ ಡಬ್ಬದ ಅಳತೆ, ತೂಕ ಬರೆದಿರುತ್ತೆ. ಲಿಫ್ಟಿಗೆ ಹಿಡಿಸುತ್ತಾ ಅನ್ನೋಕೆ ಬೇಕಿರೋದು ಅದೇ. ಮಾಡೆಲ್ಲಿನಲ್ಲಿ ಆ ಒಂದು ಸಾಲು ಇಲ್ಲದಿದ್ರೆ, ಕೊನೆಗೆ ಮೆಟ್ಟಿಲ ತಿರುವಿನಲ್ಲಿ ಟೇಪು ಹಿಡಿದು ನಿಲ್ಲೋನು ಬಡಗಿ.