‘ಗೂಂಡಾ’ ಪದದ ವ್ಯಾಪ್ತಿ: ಠಾಣೆ ಪರಿಸರದ ಕನ್ನಡವನ್ನು ಕುರಿತು ಒಂದು ವಿಮರ್ಶೆ

ಭಾರತೀಯ ಇಂಗ್ಲಿಷಿನ ದಿನಬಳಕೆಯಲ್ಲಿ ‘ಗೂಂಡಾ’ ಎಂಬ ಪದಕ್ಕೆ ವಿಶಿಷ್ಟವಾದ ಸ್ಥಾನವಿದೆ. ಹಣ ಪಡೆದು ಹೊಡೆದಾಡುವವನು, ಅಂಗಡಿಯವರಿಂದ ಹಫ್ತಾ ವಸೂಲು ಮಾಡುವವನು, ಕಾರ್ಖಾನೆಯ ಬಾಗಿಲಲ್ಲಿ ಘೋಷಣೆ ಕೂಗುವವನು, ಭೂಮಿ ಕಳೆದುಕೊಂಡು ರಸ್ತೆ ತಡೆಯುವವನು—ಇವರೆಲ್ಲರನ್ನೂ ಈ ಪದ ಒಂದೇ ಉಸಿರಿನಲ್ಲಿ ಕರೆಯಬಲ್ಲದು. ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲೆಸಿದ ಕನ್ನಡಿಗರ ಮಾತು ಮತ್ತು ಬರವಣಿಗೆಗಳಿಗೆ ಈ ಪದ ಹಿಂದಿ, ಮರಾಠಿಗಳಿಂದ ಬಂದಂತೆಯೇ ಕಚೇರಿಯ ಮತ್ತು ಪತ್ರಿಕೆಯ ಇಂಗ್ಲಿಷಿನಿಂದಲೂ ಬಂದಿದೆ. ಹೀಗೆ ಬಂದ ಪದವು ಕನ್ನಡದಲ್ಲಿ ಮೊದಲೇ ಇದ್ದ ಅರ್ಥಭೇದಗಳನ್ನು ಅಳಿಸುತ್ತದೆ ಎಂಬುದೇ ಪ್ರಸ್ತುತ ಲೇಖನದ ಪ್ರತಿಪಾದನೆ.

ಮೊದಲಿಗೆ ಪದದ ಶಾಸನಚರಿತ್ರೆಯನ್ನು ಗಮನಿಸಬೇಕು. ಬಂಗಾಳದಲ್ಲಿ 1923ರಲ್ಲಿ ಬಂದ ಗೂಂಡಾ ಕಾಯಿದೆಯು ಕಲ್ಕತ್ತೆಯಿಂದ ‘ಗೂಂಡಾ’ಗಳನ್ನು ಗಡೀಪಾರು ಮಾಡುವ ಅಧಿಕಾರವನ್ನು ಸರ್ಕಾರಕ್ಕೆ ನೀಡಿತು. ಇಂತಹ ಕಾನೂನುಗಳ ದೃಷ್ಟಿ ಒಂದು ಕೃತ್ಯದ ಮೇಲೆ ನಿಲ್ಲುವುದಿಲ್ಲ, ಒಂದು ಬಗೆಯ ಮನುಷ್ಯನ ಮೇಲೆ ನಿಲ್ಲುತ್ತದೆ. ಕರ್ನಾಟಕದ 1985ರ ಕಾಯಿದೆಯ ದೀರ್ಘ ಶೀರ್ಷಿಕೆಯಲ್ಲಿ ಕಳ್ಳಬಟ್ಟಿಯವರು, ಜೂಜುಕೋರರು ಮೊದಲಾದವರ ನಡುವೆ ‘ಗೂಂಡಾ’ ಎಂಬ ಪದ ಸೇರಿತು. ಜನರ ಬಾಯಲ್ಲಿ ಇಡೀ ಕಾನೂನೇ ‘ಗೂಂಡಾ ಕಾಯ್ದೆ’ ಆಯಿತು. ಅದರ ವ್ಯಾಖ್ಯೆ ಭಾರತೀಯ ದಂಡಸಂಹಿತೆಯ ಎಂಟನೆಯ ಅಧ್ಯಾಯವನ್ನೂ, ಅಂದರೆ ಅಕ್ರಮ ಕೂಟ ಮತ್ತು ದೊಂಬಿಯ ಅಪರಾಧಗಳನ್ನೂ ಒಳಗೊಂಡಿತ್ತು. ಮಹಾರಾಷ್ಟ್ರದ 1981ರ ಕಾಯಿದೆ ಬಳಸಿದ್ದು ‘ಅಪಾಯಕಾರಿ ವ್ಯಕ್ತಿ’ ಎಂಬ ಪದವನ್ನು. ಅದರ ವ್ಯಾಖ್ಯೆ ದೇಹ ಮತ್ತು ಸ್ವತ್ತಿನ ಮೇಲಿನ ಅಪರಾಧಗಳಿಗೆ ಹಾಗೂ ಶಸ್ತ್ರಾಸ್ತ್ರ ಕಾಯಿದೆಯ ಅಪರಾಧಗಳಿಗೆ ಸೀಮಿತವಾಗಿತ್ತು. ಅಂದರೆ ಪದೇ ಪದೇ ಜನ ಸೇರಿಸಿ ಮೊಕದ್ದಮೆ ಹಾಕಿಸಿಕೊಂಡ ಚಳವಳಿಗಾರನು ಬೆಂಗಳೂರಿನಲ್ಲಿ ಈ ಪದದ ನೆರಳಿಗೆ ಬರಬಹುದಾಗಿತ್ತು. ಠಾಣೆಯಲ್ಲಿ ಆ ಒಂದೇ ಕಾರಣಕ್ಕೆ ಬರುತ್ತಿರಲಿಲ್ಲ. ತನ್ನ ನೆರೆಯಲ್ಲಿ ನಡೆದದ್ದನ್ನು ಬೆಂಗಳೂರಿನ ಪತ್ರಿಕೆಗಳ ಕನ್ನಡದಲ್ಲಿ ಹೇಳುವ ಡೊಂಬಿವಲಿಯ ಕನ್ನಡಿಗನು ಆ ನೆಲದ ಕಾನೂನಿಗಿಂತ ವಿಶಾಲವಾದ ಆರೋಪವನ್ನು ಅರಿವಿಲ್ಲದೆ ಹೊರಿಸುತ್ತಾನೆ.

ಇಂಗ್ಲಿಷಿನ ಒಳಗೂ ಇಂತಹ ಪದಗಳ ಪತನಕ್ಕೆ ಇತಿಹಾಸವಿದೆ. ‘ಅಜಿಟೇಟರ್’ ಎಂಬ ಹೆಸರು 1647ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟ್ ಸೈನ್ಯದ ಸಿಪಾಯಿಗಳು ತಮ್ಮ ಬಾಕಿ ಸಂಬಳ ಮತ್ತು ಹಕ್ಕುಗಳಿಗಾಗಿ ಆರಿಸಿದ ಪ್ರತಿನಿಧಿಗಳಿಗೆ ಸಂದಿತ್ತು. ಅದು ಕ್ರಮೇಣ ಜನರನ್ನು ಕೆರಳಿಸುವವನೆಂಬ ಅರ್ಥಕ್ಕೆ ಇಳಿಯಿತು. ನಮ್ಮ ಇಂಗ್ಲಿಷ್ ಪತ್ರಿಕೆಗಳ ಅಚ್ಚುಮೆಚ್ಚಿನ ‘ಮಿಸ್ಕ್ರಿಯಂಟ್’ ಎಂಬುದರ ಮೂಲಾರ್ಥ ಪರಮತದವನು, ಸರಿಯಾದ ನಂಬಿಕೆ ಇಲ್ಲದವನು ಎಂದು. ಕನ್ನಡ ಪತ್ರಿಕೆಗಳು ಇದನ್ನು ‘ದುಷ್ಕರ್ಮಿ’, ‘ಕಿಡಿಗೇಡಿ’ ಎಂದು ತರುತ್ತವೆ. ಹೆಸರು ಗೊತ್ತಿಲ್ಲದ ಕಡೆ ಇವು ನಿರುಪದ್ರವಿಗಳೇ. ಕೃತ್ಯವೇನೆಂಬುದೇ ಗೊತ್ತಿಲ್ಲದ ಕಡೆಯಲ್ಲೂ ಬಂದಾಗ ಮಾತ್ರ ಇವು ತೀರ್ಪಾಗುತ್ತವೆ.

ಕನ್ನಡದ ಸ್ವಂತ ಪದಕೋಶ ಇಷ್ಟು ಬಡವಾದುದಲ್ಲ. ‘ದೊಂಬಿ’ಗೂ ‘ಬಂಡಾಯ’ಕ್ಕೂ ನಡುವಿನ ಅಂತರವನ್ನು ಸಾಮಾನ್ಯ ಓದುಗನೂ ಬಲ್ಲ. 1858ರ ನರಗುಂದದ ಪ್ರತಿರೋಧವೂ 1980ರ ಅಲ್ಲಿಯ ರೈತರ ಹೋರಾಟವೂ ‘ಬಂಡಾಯ’ ಎಂಬ ಗೌರವದ ಹೆಸರನ್ನು ಪಡೆದಿವೆ. 1979ರಲ್ಲಿ ಸಾಹಿತ್ಯ ಸಂಘಟನೆಯೊಂದು ಅದನ್ನೇ ತನ್ನ ಹೆಸರಾಗಿಸಿಕೊಂಡಿತು. ಮುಂಬಯಿಯಲ್ಲಿ ಬಾಳಿದ ವ್ಯಾಸರಾಯ ಬಲ್ಲಾಳರು ತಮ್ಮ ಕಾದಂಬರಿಗೆ ಆರಿಸಿಕೊಂಡ ಶೀರ್ಷಿಕೆಯೂ ‘ಬಂಡಾಯ’. ಅದಕ್ಕೆ 1986ರಲ್ಲಿ ಕೇಂದ್ರ ಸಾಹಿತ್ಯ ಅಕಾದೆಮಿಯ ಪ್ರಶಸ್ತಿ ಸಂದಿತು. ‘ಪುಂಡ’ ಎಂಬ ಬೈಗುಳದಂತಹ ಮಾತು ಸಹ ಏಕಮುಖವಲ್ಲ. ‘ಪುಂಡಾಟಿಕೆ’ ನಿಂದೆಯಾದರೆ, ಯಕ್ಷಗಾನದ ‘ಪುಂಡುವೇಷ’ ಅಭಿಮನ್ಯು, ಬಭ್ರುವಾಹನರಂತಹ ತರುಣವೀರರ ವೇಷ. ಹಿರಿಯರ ಅಧಿಕಾರಕ್ಕೆ ಎದುರಾಡುವ ತಾರುಣ್ಯಕ್ಕೆ ಕರಾವಳಿಯ ಕನ್ನಡ ಹೀಗೊಂದು ರಂಗಸ್ಥಳವನ್ನೇ ಮೀಸಲಿಟ್ಟಿದೆ. ‘ಗೂಂಡಾ’ದಲ್ಲಿ ಇಂತಹ ಎಡೆಯಿಲ್ಲ.

ಈ ಭೇದಗಳ ಅಗತ್ಯವೇನೆಂಬುದಕ್ಕೆ ಠಾಣೆ ಪರಿಸರದ ಇತಿಹಾಸವೇ ಸಾಕ್ಷಿ. ಶಿವಸೇನೆ ಸ್ಥಾಪನೆಯಾದುದು 1966ರ ಜೂನ್ 19ರಂದು. ಮರುವರ್ಷವೇ ಠಾಣೆಯ ನಗರಸಭೆ ಅದರ ಕೈಸೇರಿತು. ಆರಂಭದ ವರ್ಷಗಳ ಅದರ ಪ್ರಚಾರದ ಗುರಿ ದಕ್ಷಿಣ ಭಾರತೀಯರಾಗಿದ್ದರು. ಉಡುಪಿ ಹೋಟೆಲುಗಳು ಕಣ್ಣಿಗೆ ಸುಲಭವಾಗಿ ಬೀಳುವ ಗುರಿಗಳಾಗಿದ್ದವು. ಗಾಜು ಒಡೆಸಿಕೊಂಡ ಹೋಟೆಲಿನ ಧಣಿಗೆ ಒಡೆದವನು ‘ಗೂಂಡಾ’. ಒಡೆದವನು ತನ್ನನ್ನು ಕರೆದುಕೊಂಡದ್ದು ‘ಶಿವಸೈನಿಕ’ ಎಂದು. ಧಣಿಯ ಭಯ ನಿಜವಾದುದು, ಆತನ ಪದವನ್ನು ಸಂಶೋಧಕನು ಮೃದುಗೊಳಿಸಬೇಕಾದ ಅಗತ್ಯವಿಲ್ಲ.

ಆದರೆ ಅದೇ ಹೋಟೆಲಿನ ಒಳಮನೆಯಲ್ಲಿ ಲೋಟ ತೊಳೆಯುತ್ತಿದ್ದವನೂ ಕನ್ನಡಿಗನೇ. ಮಂಗಳೂರಿನಲ್ಲಿ ಹೋಟೆಲು ಮತ್ತು ಸಾರಿಗೆ ಕಾರ್ಮಿಕರನ್ನು ಸಂಘಟಿಸಿದ ಅನುಭವದೊಂದಿಗೆ ಮುಂಬಯಿಗೆ ಬಂದ ಜಾರ್ಜ್ ಫರ್ನಾಂಡಿಸ್ (1930–2019) ಅವರಂತಹ ನಾಯಕ ದುಡಿಯುವವನಿಗೆ ‘ಲೀಡರ್’. ಗಲ್ಲಾಪೆಟ್ಟಿಗೆಯ ಹಿಂದಿನವನಿಗೆ ಅಂತಹ ನಾಯಕನ ಸುತ್ತಲಿನವರು ಬೇರೆಯಾಗಿಯೇ ಕಾಣುವುದು ಸಹಜ. 1974ರ ಮೇ ತಿಂಗಳಲ್ಲಿ ಅವರ ನೇತೃತ್ವದ ರೈಲ್ವೆ ಮುಷ್ಕರ ದೇಶವನ್ನೇ ಆವರಿಸಿತು. ಕಲ್ಯಾಣದಂತಹ ಜಂಕ್ಷನ್ನಿನಲ್ಲಿ ಮುಷ್ಕರ ಹೂಡಿದವನೂ, ರೈಲಿಲ್ಲದೆ ಕಚೇರಿ ತಪ್ಪಿಸಿಕೊಂಡವನೂ ಒಂದೇ ಚಾಳಿನಲ್ಲಿ ವಾಸಿಸುವವರು. ಒಂದು ಸಮುದಾಯದೊಳಗೇ ಪದ ಹೀಗೆ ಇಬ್ಭಾಗವಾಗುವಾಗ, ‘ಕನ್ನಡಿಗರ ಅನುಭವ’ ಎಂದು ಒಂದೇ ಪದವನ್ನು ದಾಖಲಿಸುವುದು ವಾಸ್ತವದಲ್ಲಿ ಒಂದು ವರ್ಗದ ಅನುಭವವನ್ನು ಮಾತ್ರ ದಾಖಲಿಸಿದಂತೆ.

ನವಿ ಮುಂಬಯಿಯ ಉದಾಹರಣೆ ಇನ್ನೂ ತೀಕ್ಷ್ಣವಾದುದು. 1970ರಲ್ಲಿ ಸ್ಥಾಪಿತವಾದ ಸಿಡ್ಕೊ ಸಂಸ್ಥೆಯ ನಗರಕ್ಕಾಗಿ ಠಾಣೆ ಮತ್ತು ರಾಯಗಡ ಜಿಲ್ಲೆಗಳ ಆಗ್ರಿ, ಕೋಳಿ ಮೊದಲಾದ ಸಮುದಾಯಗಳ ಭೂಮಿ ಹೋಯಿತು. ದಿ. ಬಾ. ಪಾಟೀಲರ ನೇತೃತ್ವದಲ್ಲಿ 1984ರ ಜನವರಿಯಲ್ಲಿ ಉರಣ ತಾಲೂಕಿನ ಜಾಸಯಿ ಪರಿಸರದಲ್ಲಿ ನಡೆದ ಆಂದೋಲನದ ಮೇಲೆ ಪೊಲೀಸರು ಗುಂಡು ಹಾರಿಸಿದರು, ಐವರು ಮಡಿದರು. ವಶಪಡಿಸಿಕೊಂಡ ಭೂಮಿಯ ಶೇಕಡಾ 12.5ರಷ್ಟನ್ನು ಅಭಿವೃದ್ಧಿಪಡಿಸಿ ಮೂಲ ಒಡೆಯರಿಗೆ ಹಿಂದಿರುಗಿಸುವ ಯೋಜನೆ ಈ ಹೋರಾಟದ ಫಲ. ವಾಶಿ, ನೆರೂಳಗಳ ಕನ್ನಡಿಗ ಕುಟುಂಬಗಳು ಇಂದು ವಾಸಿಸುವ ನಗರ ಎದ್ದುನಿಂತದ್ದು ಹೀಗೆ ಪಡೆದ ನೆಲದ ಮೇಲೆ. ನೆಲದ ಹಿಂದಿನ ಒಡೆಯನು ರಸ್ತೆಗಿಳಿದಾಗ ಹೊಸ ನಿವಾಸಿಯು ಆತನನ್ನು ಯಾವ ಪದದಿಂದ ಕರೆಯುತ್ತಾನೆ ಎಂಬುದು ಕೇವಲ ಭಾಷಾಶಾಸ್ತ್ರದ ಪ್ರಶ್ನೆಯಲ್ಲ. ನ್ಯಾಯದ ಪ್ರಶ್ನೆಯೂ ಹೌದು.

ಇದೇ ಅಳತೆಗೋಲು ನಮ್ಮವರಿಗೂ ಅನ್ವಯವಾಗಬೇಕು. 2025ರ ಫೆಬ್ರುವರಿಯಲ್ಲಿ ಬೆಳಗಾವಿಯ ಪ್ರಕರಣದ ಬೆನ್ನಿಗೆ ಗಡಿಯ ಎರಡೂ ಬದಿಯಲ್ಲಿ ಬಸ್ಸುಗಳಿಗೆ ಮಸಿ ಬಳಿಯಲಾಯಿತು. ಮಸಿ ಬಳಿದ ನಮ್ಮವನನ್ನು ‘ಹೋರಾಟಗಾರ’ ಎಂದೂ, ಅದನ್ನೇ ಮಾಡಿದ ಅವರವನನ್ನು ‘ಗೂಂಡಾ’ ಎಂದೂ ಕರೆಯುವ ಬರಹ ಪಕ್ಷಪಾತದಿಂದ ಕೂಡಿದ್ದು. ಬಸ್ಸಿನ ಚಾಲಕನಿಗೆ ಎರಡೂ ಕಡೆಯಲ್ಲಿ ಆದ ಅವಮಾನ ಒಂದೇ.

ಹೊರನಾಡಿನಲ್ಲಿದ್ದು ಇಂತಹ ದಾಖಲೆಗಳನ್ನು ಓದುವ, ಅನುವಾದಿಸುವ ಸಂಶೋಧಕರು ಈ ಕಾರಣದಿಂದ ಮೂರು ಅಂಶಗಳನ್ನು ಪರಿಶೀಲಿಸುವುದು ಉಚಿತ: ಕೃತ್ಯವೇನು, ಅದು ಯಾರ ಪರವಾಗಿ ನಡೆಯಿತು, ಪದವನ್ನು ಪ್ರಯೋಗಿಸಿದವರು ಯಾರು. ಕೂಲಿಗೆ ಹೊಡೆದವನು ಗೂಂಡಾ ಆಗಲಿ. ಗುಂಪಾಗಿ ಸುಟ್ಟವರು ದೊಂಬಿಕೋರರಾಗಲಿ. ಹಕ್ಕು ಕೇಳಿದವನು ಚಳವಳಿಗಾರನಾಗಿಯೇ ಉಳಿಯಲಿ. ಒಬ್ಬನೇ ವ್ಯಕ್ತಿ ಬೆಳಿಗ್ಗೆ ಚಳವಳಿಗಾರನಾಗಿ ಸಂಜೆ ಕಲ್ಲೆಸೆದಿದ್ದರೆ ಎರಡನ್ನೂ ಬರೆಯಬೇಕು. ಒಂದು ಪದದಿಂದ ಮತ್ತೊಂದನ್ನು ಮುಚ್ಚಬಾರದು. ಇಂಗ್ಲಿಷ್ ಮೂಲದಲ್ಲಿ ಒಂದೇ ಪದವಿದ್ದರೂ ಕನ್ನಡಕ್ಕೆ ತರುವಾಗ ಆಯ್ಕೆ ನಮ್ಮದು. ಆ ಆಯ್ಕೆಗೆ ಬೇಕಾದ ಪದಗಳೆಲ್ಲ ಕನ್ನಡದಲ್ಲಿ ಇರುವುದರಿಂದ, ಆಯ್ಕೆ ಮಾಡದಿರುವುದಕ್ಕೆ ಭಾಷೆಯ ಬಡತನವನ್ನು ಕಾರಣವಾಗಿ ಹೇಳುವಂತಿಲ್ಲ.