ಕುತ್ತಿಗೆ ಕಳೆದರೆ ಉಳಿಯುವ ಕೊಬ್ಬು

ಮನೆಯಲ್ಲೇ ಸಿಂಪಿಗರ ಟೇಪು ಹಿಡಿದು ದೇಹದ ಕೊಬ್ಬಿನ ಶೇಕಡಾವಾರು ಅಂದಾಜು ಮಾಡುವ ವಿಧಾನಗಳಲ್ಲಿ ಅಮೆರಿಕದ ನೌಕಾಪಡೆಯ ಸೂತ್ರದ್ದೇ ದೊಡ್ಡ ಹೆಸರು. 1984ರಲ್ಲಿ ಹಾಜ್ಡನ್ ಮತ್ತು ಬೆಕೆಟ್ ರೂಪಿಸಿದ ಈ ಸೂತ್ರಕ್ಕೆ ಗಂಡಸರ ಎತ್ತರ, ಹೊಟ್ಟೆ, ಕುತ್ತಿಗೆಯ ಅಳತೆ ಸಾಕು; ಹೆಂಗಸರಿಗೆ ಪೃಷ್ಠದ ಸುತ್ತಳತೆಯೂ ಬೇಕು. ಕಾಲೇಜು, ಹಾಸ್ಟೆಲ್ಲು, ಜಿಮ್ಮುಗಳು ಒತ್ತಾಗಿರುವ ಹುಬ್ಬಳ್ಳಿಯ ವಿದ್ಯಾನಗರದಂಥ ಕಡೆ ಮೊಬೈಲಿನಲ್ಲಿ ಈ ಅಂಕಿಗಳನ್ನು ಒತ್ತಿ, ದಶಾಂಶದ ಸಮೇತ ಬಂದ ಉತ್ತರವನ್ನು ನಂಬುವುದು ಕಷ್ಟದ ಮಾತೇನಲ್ಲ. ಆದರೆ ಸೂತ್ರಕ್ಕೆ ಬಂದಿರುವ ಹೆಸರು ಅದರ ಯೋಗ್ಯತೆಗಿಂತ ದೊಡ್ಡದು.

ಅದು ಹುಟ್ಟಿದ ಬಗೆ ತಿಳಿದದ್ದೇ. ನೌಕಾಪಡೆಯ ನೂರಾರು ಜನರನ್ನು ನೀರಿನಲ್ಲಿ ಮುಳುಗಿಸಿ ತೂಗಿ, ದೇಹದ ಸಾಂದ್ರತೆ ಕಂಡುಕೊಂಡು, ಅದಕ್ಕೆ ಟೇಪಿನ ಅಳತೆಗಳನ್ನು ಹೊಂದಿಸಲಾಯಿತು. ಸಾಂದ್ರತೆಯಿಂದ ಕೊಬ್ಬಿಗೆ ಬರಲು ವಿಲಿಯಂ ಸಿರಿಯ 1961ರ ಸಮೀಕರಣ ನೆರವಾಯಿತು. ಕೊಬ್ಬಿನ ಸಾಂದ್ರತೆ 0.9, ಮಿಕ್ಕ ದೇಹದ್ದು 1.1 ಎಂದು ಹಿಡಿಯುವ ಆ ಸಮೀಕರಣವೂ ಅಂದಾಜೇ. ಹೀಗೆ ಅಂದಾಜಿನ ಮೇಲೆ ಅಂದಾಜು ಕೂತಿದೆ. ಗಂಡಸರ ಸೂತ್ರದ ಪ್ರಮಾಣಿತ ದೋಷ ಸುಮಾರು ಮೂರೂವರೆ ಅಂಶ. ಅಂದರೆ 20 ಎಂದು ಬಂದವರ ನಿಜವಾದ ಕೊಬ್ಬು 17 ಇರಬಹುದು, 23 ಇರಬಹುದು, ಅದಕ್ಕೂ ಆಚೀಚೆ ಇರಬಹುದು.

ಇಷ್ಟನ್ನು ಕ್ಷಮಿಸಬಹುದಿತ್ತು. ಕ್ಷಮಿಸಲಾಗದ್ದು ಸೂತ್ರದ ಹೊಟ್ಟೆಯಲ್ಲಿರುವ ಒಂದು ಕಳೆಯುವ ಲೆಕ್ಕ. ಹೊಟ್ಟೆಯ ಸುತ್ತಳತೆಯಲ್ಲಿ ಕುತ್ತಿಗೆಯ ಸುತ್ತಳತೆಯನ್ನು ಕಳೆದು, ಉಳಿದದ್ದರ ಲಾಗರಿದಮ್ ತೆಗೆಯಬೇಕು. 170 ಸೆಂ.ಮೀ. ಎತ್ತರದ ಇಬ್ಬರು ಗಂಡಸರನ್ನು ತೆಗೆದುಕೊಳ್ಳಿ. ಒಬ್ಬನ ಹೊಟ್ಟೆ 85, ಕುತ್ತಿಗೆ 35. ಇನ್ನೊಬ್ಬನ ಹೊಟ್ಟೆ 92, ಕುತ್ತಿಗೆ 42. ಕಳೆದರೆ ಇಬ್ಬರಿಗೂ 50. ಸೂತ್ರ ಇಬ್ಬರಿಗೂ ಶೇ. 20.1 ಎನ್ನುತ್ತದೆ. ನಡುವೆ ಏಳು ಸೆಂ.ಮೀ. ಹೊಟ್ಟೆ ಎಲ್ಲಿ ಹೋಯಿತು? ದಪ್ಪ ಕುತ್ತಿಗೆ ಎಂದರೆ ಕಸುವಿನ ಮೈಕಟ್ಟು ಎಂಬ ಊಹೆ ಅದನ್ನು ನುಂಗಿಹಾಕಿತು. ದಿನಾ ಕವಾಯತು ಮಾಡುವ ನಾವಿಕರಲ್ಲಿ ಈ ಊಹೆ ನಡೆದೀತು. ಗೊರಕೆ ಹೊಡೆಯುವ ನಡುವಯಸ್ಸಿನವರ ಕುತ್ತಿಗೆ ಕೊಬ್ಬಿನಿಂದಲೇ ದಪ್ಪಗಾಗಿರಬಹುದು. ಅಂಥವರಿಗೆ ಸೂತ್ರ ಕೊಬ್ಬಿನ ಲೆಕ್ಕದಲ್ಲೇ ರಿಯಾಯಿತಿ ಕೊಡುತ್ತದೆ. ಕುತ್ತಿಗೆಯನ್ನು ಕಳೆಯದ ಸೂತ್ರಗಳಿಲ್ಲವೆಂದಲ್ಲ. ವೂಲ್‌ಕಾಟ್ ಮತ್ತು ಬರ್ಗ್‌ಮನ್ 2018ರಲ್ಲಿ ಕೊಟ್ಟದ್ದು ತೀರ ಸರಳ: ಗಂಡಸರಿಗೆ ಎತ್ತರವನ್ನು ಸೊಂಟದ ಸುತ್ತಳತೆಯಿಂದ ಭಾಗಿಸಿ, 20ರಿಂದ ಗುಣಿಸಿ, 64ರಲ್ಲಿ ಕಳೆಯುವುದು. ಅದೇ ಅಂಕಿ ಹಾಕಿದರೆ ಮೊದಲನೆಯವನಿಗೆ 24, ಎರಡನೆಯವನಿಗೆ 27. ಈ ಅಂಕಿಗಳೂ ದೇವವಾಕ್ಯವಲ್ಲ. ಆದರೂ ದೊಡ್ಡ ಹೊಟ್ಟೆಯನ್ನು ದೊಡ್ಡದೆಂದು ಹೇಳುವಷ್ಟು ಪ್ರಾಮಾಣಿಕತೆ ಅವುಗಳಲ್ಲಿದೆ.

ಸೂತ್ರವನ್ನು ಟೀಕಿಸುವವರೂ ಹೆಚ್ಚಾಗಿ ಬೇರೆ ಕಡೆಗೇ ಕೈ ಹಾಕುತ್ತಾರೆ. ಪೈಲ್ವಾನರಿಗೆ ಇದು ಒಗ್ಗುವುದಿಲ್ಲ ಎನ್ನುವುದು ಅವರ ಹಳೆಯ ವಾದ. ಟೇಪು ಹಿಡಿಯುವವರಲ್ಲಿ ಪೈಲ್ವಾನರೆಷ್ಟು ಮಂದಿ? ಇನ್ನು ಕೆಲವರು ಟೇಪನ್ನೇ ಎಸೆದು, ಬರಿಗಾಲಲ್ಲಿ ಹತ್ತಿ ನಿಲ್ಲುವ ವಿದ್ಯುತ್ ತೂಕದ ಯಂತ್ರ ತನ್ನಿ ಎನ್ನುತ್ತಾರೆ. ಆ ಯಂತ್ರ ಕೊಬ್ಬನ್ನು ಅಳೆಯುವುದೇ ಇಲ್ಲ. ಮೈಯೊಳಗೆ ಸಣ್ಣ ವಿದ್ಯುತ್ತು ಹಾಯಿಸಿ, ತಡೆ ಅಳೆದು, ಅದರಿಂದ ನೀರನ್ನೂ ನೀರಿನಿಂದ ಕೊಬ್ಬನ್ನೂ ಊಹಿಸುತ್ತದೆ; ಒಳಗೆ ಕೂತಿರುವುದು ಮತ್ತೊಂದು ಸೂತ್ರ. ಕಾಲಿಂದ ಕಾಲಿಗೆ ಹರಿಯುವ ವಿದ್ಯುತ್ತಿಗೆ ಹೊಟ್ಟೆಯ ಮೇಲುಭಾಗದ ಗೊಡವೆಯೇ ಕಡಿಮೆ. ಎರಡು ತಂಬಿಗೆ ನೀರು ಕುಡಿದರೂ, ಓಡಿ ಬೆವರಿದರೂ ಉತ್ತರ ಏರುಪೇರಾಗುತ್ತದೆ. ಸಾವಿರಾರು ರೂಪಾಯಿ ಸುರಿದು ಊಹೆಯನ್ನೇ ಕೊಳ್ಳುವುದಾದರೆ ಟೇಪು ಮಾಡಿದ ತಪ್ಪೇನು?

ನಮ್ಮ ಜನರ ಮೈಕಟ್ಟಿನ ಪ್ರಶ್ನೆಯನ್ನು ಈ ಎರಡೂ ಬಣಗಳು ಕೇಳುವುದಿಲ್ಲ. ಪುಣೆಯ ವೈದ್ಯ ಚಿತ್ತರಂಜನ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮದೇ ಅಂಕಿಗಳನ್ನು ಪ್ರಕಟಿಸಿದರು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಸೂಚ್ಯಂಕ, 22.3; ಕೊಬ್ಬು ಮಾತ್ರ ಯುಡ್ಕಿನ್ನರಿಗೆ ಶೇ. 9.1, ಯಾಜ್ಞಿಕರಿಗೆ ಶೇ. 21.2. ತೂಕದ ಸೂಚ್ಯಂಕವನ್ನು ಕೆಡವಲು ಇದೊಂದೇ ಸಾಕೆಂದು ಟೇಪಿನ ಭಕ್ತರು ಕುಣಿಯುವುದುಂಟು. ಆದರೆ ಸಣಕಲು ಕೈಕಾಲು, ಮುಂದೆ ಬಂದ ಹೊಟ್ಟೆಯ ಭಾರತೀಯ ಮೈಯಲ್ಲಿ ಸ್ನಾಯು ಕಡಿಮೆ ಇರುವುದು ತೋಳು, ತೊಡೆಗಳಲ್ಲಿ. ನೌಕಾಪಡೆಯ ಟೇಪು ಅವುಗಳ ಹತ್ತಿರ ಸುಳಿಯುವುದೇ ಇಲ್ಲ.

ಅಮೆರಿಕದ ಭೂಸೇನೆಯೇ 2023ರಲ್ಲಿ ತನ್ನ ಟೇಪು ಪರೀಕ್ಷೆಯಿಂದ ಕುತ್ತಿಗೆಯನ್ನು ಕೈಬಿಟ್ಟು, ಹೊಕ್ಕಳ ಮಟ್ಟದ ಸುತ್ತಳತೆ ಮತ್ತು ತೂಕಕ್ಕೆ ಇಳಿಯಿತು. ಅಲ್ಲಿ ಬಿಟ್ಟದ್ದನ್ನು ಇಲ್ಲಿನ ಜಿಮ್ಮುಗಳು ಹಿಡಿದುಕೊಂಡು ಕೂರಬೇಕಿಲ್ಲ.

ಟೇಪಿನಲ್ಲಿ ಉಳಿಸಿಕೊಳ್ಳಬೇಕಾದದ್ದು ನಡುವಿನ ಅಳತೆ, ಅದೂ ಸರಿಯಾಗಿ ತೆಗೆದದ್ದು. 34ರ ಪ್ಯಾಂಟು ತೊಡುವವನ ಸೊಂಟ 34 ಇಂಚು ಎನ್ನಲು ಬರುವುದಿಲ್ಲ. ಪ್ಯಾಂಟು ಹೊಟ್ಟೆಯ ಕೆಳಗೆ ಜಾರಿ ನಿಂತಿರುತ್ತದೆ. ಸೀರೆ ಉಡುವವರು ಪರಕಾರದ ಲಾಡಿ ಸಡಿಲಿಸಿ ಬರಿ ಮೈಗೆ ಟೇಪು ತಾಗಿಸಬೇಕು. ಬೆಳಿಗ್ಗೆ, ರೊಟ್ಟಿ ತಿನ್ನುವ ಮೊದಲು, ಉಸಿರು ಸಹಜವಾಗಿ ಹೊರಬಿಟ್ಟಾಗಿನ ಅಂಕಿ ಹಿಡಿಯಬೇಕು. ಹಳೆಯ ಬಟ್ಟೆ ಟೇಪು ಜಗ್ಗಿ ಉದ್ದವಾಗಿರುವುದೂ ಉಂಟು. ಮೇಲಿನ ಲೆಕ್ಕದಲ್ಲಿ ಹೊಟ್ಟೆಯ ಅಳತೆ ಎರಡು ಸೆಂ.ಮೀ. ತಪ್ಪಿದರೆ ನೌಕಾಪಡೆಯ ಉತ್ತರ ಒಂದೂವರೆ ಅಂಶ ಸರಿಯುತ್ತದೆ. ಭಾರತೀಯರಿಗೆ ಗೊತ್ತುಮಾಡಿದ ಅಪಾಯದ ಗಡಿ ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ಅದಕ್ಕೆ ಹೋಲಿಸಲು ಟೇಪನ್ನು ಹೊಕ್ಕಳ ಮೇಲಲ್ಲ, ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲ್ತುದಿಗೂ ನಟ್ಟನಡುವೆ ಸುತ್ತಬೇಕು.