ಸುಟ್ಟ ರೊಟ್ಟಿಯ ಋಣ



ಕುಣಿಗಲ್ಲಿನ ತಾಯಿಯೊಬ್ಬರು ಭಾನುವಾರದ ಬಲಿಪೂಜೆಯ ನಂತರ ಇಂಗ್ಲಿಷ್ ಕಾದಂಬರಿಯೊಂದನ್ನು ನನ್ನ ಕೈಗಿತ್ತು, “ಫಾದರ್, ಮಕ್ಕಳು ಮಕ್ಕಳನ್ನೇ ಕೊಲ್ಲುವ ಕಥೆಯಂತೆ. ನನ್ನ ಮಗಳು ಊಟ ಬಿಟ್ಟು ಓದುತ್ತಿದ್ದಾಳೆ. ಕೊಡಬಹುದೋ ಬೇಡವೋ, ನೀವೇ ಓದಿ ಹೇಳಿ” ಎಂದರು. ಮಗಳಿಗೆ ಹದಿನಾಲ್ಕು ವರ್ಷ. ಪುಸ್ತಕ, ಅಮೆರಿಕದ ಲೇಖಕಿ ಸುಝಾನ್ ಕಾಲಿನ್ಸ್ 2008ರಲ್ಲಿ ಪ್ರಕಟಿಸಿದ ‘ದಿ ಹಂಗರ್ ಗೇಮ್ಸ್’, ಅಂದರೆ ‘ಹಸಿವಿನ ಆಟಗಳು’. ಇದರ 27 ಅಧ್ಯಾಯಗಳಲ್ಲಿ ಮೊದಲ ಭಾಗದ 9 ಅಧ್ಯಾಯಗಳನ್ನು ಮುಗಿಸಿದ್ದೇನೆ. ಕೊಲೆಯ ಆಟ ಇನ್ನೂ ಆರಂಭವಾಗಿಲ್ಲ. ಆದ್ದರಿಂದ ಇದು ಪೂರ್ಣ ವಿಮರ್ಶೆಯಲ್ಲ. ಮೊದಲ ಓದಿನ ಅನಿಸಿಕೆ ಮಾತ್ರ.

ಬರ, ಬಿರುಗಾಳಿ, ಬೆಂಕಿ, ಉಕ್ಕಿಬಂದ ಸಮುದ್ರ, ಉಳಿದ ತುತ್ತಿಗಾಗಿ ನಡೆದ ಯುದ್ಧ ಇವುಗಳಿಂದ ಉತ್ತರ ಅಮೆರಿಕ ನಾಶವಾದ ಮೇಲೆ ಅಲ್ಲಿ ಪ್ಯಾನೆಮ್ ಎಂಬ ರಾಷ್ಟ್ರ ತಲೆಯೆತ್ತಿದೆ. ಐಶ್ವರ್ಯದಲ್ಲಿ ಮುಳುಗಿದ ರಾಜಧಾನಿ ಒಂದು ಕಡೆ, ಅದಕ್ಕಾಗಿ ದುಡಿಯುವ ಹನ್ನೆರಡು ಜಿಲ್ಲೆಗಳು ಇನ್ನೊಂದು ಕಡೆ. ಹಿಂದೊಮ್ಮೆ ದಂಗೆಯೆದ್ದ ತಪ್ಪಿಗೆ ಪ್ರತಿ ಜಿಲ್ಲೆಯೂ ವರ್ಷಕ್ಕೊಮ್ಮೆ ಚೀಟಿ ಎತ್ತಿ ಒಬ್ಬ ಹುಡುಗನನ್ನೂ ಒಬ್ಬ ಹುಡುಗಿಯನ್ನೂ ಒಪ್ಪಿಸಬೇಕು. ಆ 24 ಮಕ್ಕಳಲ್ಲಿ ಒಬ್ಬರೇ ಉಳಿಯುವತನಕ ಕಾದಾಟ. ದೇಶವೆಲ್ಲ ಅದನ್ನು ಟಿ.ವಿ.ಯಲ್ಲಿ ನೋಡಲೇಬೇಕು.

ಸೆಮಿನರಿಯಲ್ಲಿ ಲತೀನ್ ಕಲಿತವರಿಗೆ ಪ್ಯಾನೆಮ್ ಎಂಬ ಹೆಸರು ಕಣ್ಣಿಗೆ ಕುಟ್ಟುತ್ತದೆ. ಅದು ‘ರೊಟ್ಟಿಯನ್ನು’ ಎಂಬ ಅರ್ಥದ ಪದ. ಜನರಿಗೆ ರೊಟ್ಟಿಯನ್ನೂ ಕ್ರೀಡೆಗಳನ್ನೂ ಎಸೆದರೆ ಸಾಕು, ಅವರು ಬಾಯಿ ಮುಚ್ಚಿಕೊಂಡಿರುತ್ತಾರೆ ಎಂದು ರೋಮಿನ ಕವಿ ಜುವೆನಲ್ ಅಣಕಿಸಿದ್ದು ಈ ಪದದಿಂದಲೇ. ಆದರೆ ಯೇಸುಸ್ವಾಮಿ ಕಲಿಸಿದ ಪ್ರಾರ್ಥನೆಯ ಲತೀನ್ ರೂಪದಲ್ಲಿ ಅನುದಿನದ ಆಹಾರವನ್ನು ಬೇಡುವಾಗಲೂ ಬರುವುದು ಇದೇ ಪದ. ತಂದೆಯಿಂದ ಬೇಡಿ ಪಡೆಯುವ ರೊಟ್ಟಿ ಒಂದು; ಅರಸ ಬಾಯಿ ಮುಚ್ಚಿಸಲು ಎಸೆಯುವ ರೊಟ್ಟಿ ಇನ್ನೊಂದು. ಈ ಎರಡರ ನಡುವಣ ಅಂತರವೇ ಈ ಕಾದಂಬರಿಯ ತಿರುಳೆಂದು ನನಗೆ ತೋರುತ್ತದೆ.

ಕಥೆ ಹೇಳುವ ಕ್ಯಾಟ್ನಿಸ್ ಹದಿನಾರರ ಹುಡುಗಿ. ತಂದೆ ಕಲ್ಲಿದ್ದಲ ಗಣಿಯ ಸ್ಫೋಟದಲ್ಲಿ ಸತ್ತಿದ್ದಾನೆ. ಅಲ್ಲಿ ಬಡ ಮಕ್ಕಳು ವರ್ಷದ ಧಾನ್ಯ ಮತ್ತು ಎಣ್ಣೆಗಾಗಿ ತಮ್ಮ ಹೆಸರನ್ನು ಹೆಚ್ಚುವರಿಯಾಗಿ ಚೀಟಿಯ ಪಾತ್ರೆಗೆ ಹಾಕಿಸಬಹುದು. ಹೀಗೆ ಅವಳ ಹೆಸರು 20 ಸಲ, ಅವಳ ಗೆಳೆಯನ ಹೆಸರು 42 ಸಲ ಸೇರಿದೆ. ತುಮಕೂರು ಸೀಮೆಯವರಾದ ನಮಗೆ ಬರವೂ ಗೊತ್ತು, ಪಡಿತರದ ಅಂಗಡಿಯ ಮುಂದಿನ ಸಾಲೂ ಗೊತ್ತು. ಆ ಸಾಲಿನಲ್ಲಿ ನಿಂತವಳಿಗೆ ರಾಗಿಯ ಬೆಲೆಯಾಗಿ ಮಗುವಿನ ಹೆಸರನ್ನು ಬರೆಸು ಎಂದರೆ ಹೇಗಿದ್ದೀತು? ಬಡತನದ ಲೆಕ್ಕವನ್ನು ಇಷ್ಟು ಸರಳವಾಗಿ ಮಕ್ಕಳಿಗೆ ತಿಳಿಸಿದ ಪುಸ್ತಕಗಳು ವಿರಳ.

ಚೀಟಿ ಎತ್ತಿದಾಗ ಬಂದದ್ದು ಒಂದೇ ಒಂದು ಸಲ ಸೇರಿದ್ದ, ಹನ್ನೆರಡು ವರ್ಷದ ತಂಗಿಯ ಹೆಸರು. ಅಕ್ಕ ಮುಂದೆ ಬಂದು ಅವಳ ಸ್ಥಾನದಲ್ಲಿ ತಾನು ನಿಲ್ಲುತ್ತಾಳೆ. ಚಪ್ಪಾಳೆ ತಟ್ಟಿರೆಂದು ಕರೆ ಬಂದಾಗ ಜನ ತಟ್ಟುವುದಿಲ್ಲ. ಮೌನವಾಗಿ ನಿಂತು, ಮೂರು ಬೆರಳುಗಳನ್ನು ತುಟಿಗೊತ್ತಿ ಅವಳತ್ತ ಎತ್ತಿಹಿಡಿಯುತ್ತಾರೆ. ಈವರೆಗೆ ಓದಿದ್ದರಲ್ಲಿ ನನ್ನನ್ನು ಅತಿಯಾಗಿ ತಟ್ಟಿದ ಪುಟ ಇದು. ಅಸಹಾಯಕರಿಗೂ ಒಂದು ಸ್ವಾತಂತ್ರ್ಯ ಉಳಿದಿರುತ್ತದೆ: ಕ್ರೌರ್ಯಕ್ಕೆ ಚಪ್ಪಾಳೆ ತಟ್ಟದಿರುವ ಸ್ವಾತಂತ್ರ್ಯ.

1884ರಲ್ಲಿ ನಾಟಕ ಕಂಪನಿ ಹುಟ್ಟಿದ ಗುಬ್ಬಿಯ ನೆರೆಯವರು ನಾವು. ಗುಬ್ಬಿ ವೀರಣ್ಣನವರು ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದರೆಂದು ಹಿರಿಯರು ಇಂದಿಗೂ ಹೇಳುತ್ತಾರೆ. ಆದರೆ ರಂಗದ ಯುದ್ಧದಲ್ಲಿ ಮಡಿದವನು ಪರದೆ ಬಿದ್ದ ಮೇಲೆ ಎದ್ದು, ಬಣ್ಣ ತೊಳೆದು ಊಟಕ್ಕೆ ಕೂರುತ್ತಾನೆ. ನೋಡಿದವನು ಅತ್ತು ಹಗುರಾಗಿ ಮನೆಗೆ ಹೋಗುತ್ತಾನೆ. ನಿಜವಾದ ಸಾವನ್ನೇ ಆಟವಾಗಿ ನೋಡುವವನ ಕಣ್ಣೀರು ಬತ್ತಿಹೋಗುತ್ತದೆ. ಟಿ.ವಿ.ಯಲ್ಲಿ ಸ್ಪರ್ಧೆಯ ಕಾರ್ಯಕ್ರಮ ಮತ್ತು ಇರಾಕ್ ಯುದ್ಧದ ದೃಶ್ಯಗಳನ್ನು ಒಂದಾದ ಮೇಲೊಂದು ಬದಲಿಸಿ ನೋಡುತ್ತಿದ್ದಾಗ ಈ ಕಥೆ ಹೊಳೆಯಿತೆಂದು ಲೇಖಕಿ ಹೇಳಿದ್ದಾರೆ. ಹೆದ್ದಾರಿಯ ಅಪಘಾತದಲ್ಲಿ ಬಿದ್ದವನನ್ನು ಎತ್ತುವ ಮೊದಲು ಮೊಬೈಲ್ ಎತ್ತುವ ನಮಗೆ ಇದು ಪರದೇಶದ ಮಾತಲ್ಲ.

ಕೊರತೆಗಳೂ ಇವೆ. ರಾಜಧಾನಿಯ ಉಡುಪು, ಅಲಂಕಾರ, ಭೋಜನಗಳ ವರ್ಣನೆ ದೀರ್ಘವಾಗಿದೆ; ಖಂಡಿಸಬೇಕಾದ ವೈಭವಕ್ಕೆ ಓದುಗನೇ ಮರುಳಾಗುವ ಅಪಾಯವಿದೆ. ರಾಜಧಾನಿಯ ಜನರಲ್ಲಿ ಹೆಚ್ಚಿನವರು ವ್ಯಂಗ್ಯಚಿತ್ರಗಳಂತಿದ್ದಾರೆ. ಇನ್ನೊಂದು ಕೊರತೆ ಇದಕ್ಕಿಂತ ಆಳವಾದದ್ದು. ತಂದೆ ಸತ್ತ ವರ್ಷ, ಮಳೆಯಲ್ಲಿ ಹಸಿದು ಕುಸಿದ ಕ್ಯಾಟ್ನಿಸ್‌ಗೆ ಬೇಕರಿಯವನ ಮಗ ಪೀಟಾ, ಸುಟ್ಟುಹೋದ ಎರಡು ರೊಟ್ಟಿಗಳನ್ನು ಎಸೆದಿದ್ದ. ರೊಟ್ಟಿ ಸುಟ್ಟದ್ದಕ್ಕೆ ತಾಯಿಯಿಂದ ಏಟನ್ನೂ ತಿಂದಿದ್ದ. ಬೇಕೆಂದೇ ಸುಟ್ಟನೆಂದು ಅವಳಿಗೆ ಆಮೇಲೆ ಅನಿಸುತ್ತದೆ. ಗಾಯಗೊಂಡವನ ಕೈಯಿಂದ ಬಂದ ರೊಟ್ಟಿ! ಪರಮ ಪ್ರಸಾದವನ್ನು ಸ್ವೀಕರಿಸುವ ನಮಗೆ ಬೇರೇನು ನೆನಪಾದೀತು? ಆದರೆ ಅವಳಿಗೆ ಅದು ತೀರಿಸಲಾಗದೆ ಕುಟುಕುವ ಸಾಲವಷ್ಟೆ. ಈ ಪುಟಗಳಲ್ಲಿ ದೇವಾಲಯವಿಲ್ಲ, ಪ್ರಾರ್ಥನೆಯಿಲ್ಲ. ಆದ್ದರಿಂದಲೇ ಕೃಪೆಗೆ ಅಲ್ಲಿ ಹೆಸರೂ ಇಲ್ಲ. ಇದನ್ನು ಲೇಖಕಿಯ ಮೇಲಿನ ಆರೋಪವಾಗಿ ಹೇಳುತ್ತಿಲ್ಲ. ಆ ಖಾಲಿ ಜಾಗವನ್ನು ಮಗುವಿಗೆ ತೋರಿಸಬೇಕಾದವರು ಮನೆಯವರು.

ತುಮಕೂರಿನ ಮಕ್ಕಳಿಗೆ ತೋರಿಸಲು ದೂರ ಹೋಗಬೇಕಾಗಿಲ್ಲ. 2019ರಲ್ಲಿ ಲಿಂಗೈಕ್ಯರಾದ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯವರು ಜಾತಿ ಮತ ಕೇಳದೆ ಸಾವಿರಾರು ಮಕ್ಕಳಿಗೆ ಉಣಬಡಿಸಿದರು. ಆ ಮುದ್ದೆಗೆ ಯಾರ ಹೆಸರನ್ನೂ ಬೆಲೆಯಾಗಿ ಕೇಳಲಿಲ್ಲ.

ಆ ತಾಯಿಗೆ ನನ್ನ ಉತ್ತರ ಇದು: ಅಮ್ಮ, ಪುಸ್ತಕ ಕೊಡಿ, ಆದರೆ ಮಗಳ ಜೊತೆ ನೀವೂ ಓದಿ. ಚಿಕ್ಕ ಮಕ್ಕಳಿಗೆ ಬೇಡ. ಊಟಕ್ಕೆ ಕುಳಿತಾಗ, ಪೀಟಾ ರೊಟ್ಟಿಯನ್ನು ಏಕೆ ಸುಟ್ಟ ಎಂದು ಅವಳನ್ನು ಕೇಳಿ. ಉಳಿದ ಮಾತು ತಾನಾಗಿ ಬರುತ್ತದೆ.

ಇನ್ನು ಮುಂದಿನ ಪುಟಗಳು ಕಾದಾಟದವು. ಮುಂದೆ ಸಾಯುವವರು ಯಾರೆಂಬ ಆತುರದಲ್ಲಿ ನಾನೂ ಪುಟ ತಿರುವಿದರೆ, ಆ ರಾಜಧಾನಿಯ ಪ್ರೇಕ್ಷಕರ ಸಾಲಿನಲ್ಲಿ ನನಗೂ ಒಂದು ಕುರ್ಚಿ ಇದೆಯೆಂದೇ ಅರ್ಥ. ಆ ಎಚ್ಚರವನ್ನು ಇಟ್ಟುಕೊಂಡೇ ಓದಬೇಕಾಗಿದೆ.